ನಮ್ಮ ಚಿಕ್ಕಪ್ಪ ವೋಟು ಕೇಳಲಿಲ್ಲ

ನಮ್ಮ ಚಿಕ್ಕಪ್ಪ ನಾಲ್ಕು ಸಲ ವಿಧಾನಸಭೆ ಚುನಾವಣೆಗೆ ನಿಂತರು. ಎರಡು ಸಲ ಗೆದ್ದರು, ಎರಡು ಸಲ ಸೋತರು. ಅದರಲ್ಲೇನು ವಿಶೇಷ ಅನ್ನುತ್ತೀರಾ? ಈ ನಾಲ್ಕೂ ಸಲ ಅವರು ಒಬ್ಬರೇ ಒಬ್ಬರ ಹತ್ತಿರವೂ ವೋಟು ಕೇಳಲಿಲ್ಲ. ಅಣ್ಣನ ಮಗಳಾದ ನನ್ನ ಹತ್ತಿರ ಕೇಳಲಿಲ್ಲ, ಹೋಗಲಿ, ಕಟ್ಟಿಕೊಂಡ ಹೆಂಡತಿಯ ಹತ್ತಿರವೂ ಕೇಳಲಿಲ್ಲ. ಚಿಕ್ಕಮ್ಮ ಒಮ್ಮೆ ಸಿಟ್ಟು ಬಂದು, "ಕೇಳ್ದಿದ್ರೆ ನಾನೆಂತಕ್ಕೆ ಹಾಕ್ಲಿ?" ಎಂದರು. "ಅದು ನಿನ್ನಿಷ್ಟ," ಎಂದು ಚಿಕ್ಕಪ್ಪ ಅನ್ನಕ್ಕೆ ಸಾರು ಹಾಕಿಕೊಂಡರು. ಇಂಥ ಅಭ್ಯರ್ಥಿಯ ಬೆನ್ನಿಗೆ ಹದಿನೈದು ವರ್ಷ ಓಡಾಡಿದ ನನಗೆ ಈಗ ಬೆಳಿಗ್ಗೆ ಒಂದು, ಸಂಜೆ ಒಂದು ಬಿಪಿ ಮಾತ್ರೆ. ಇದಕ್ಕೆ ಯಾರು ಹೊಣೆ, ನೀವೇ ಹೇಳಿ.

ಚಿಕ್ಕಪ್ಪ ಹುಟ್ಟಾ ರಾಜಕಾರಣಿಯೇನಲ್ಲ. ಕಳಸದಿಂದ ಸಂಸೆ ಕಡೆಯ ಹಳ್ಳಿಗಳಿಗೆ ಜೀಪು ಓಡಿಸಿಕೊಂಡಿದ್ದವರು. ಬಸ್ಸು ಹೋಗದ ಊರುಗಳಿಗೆ ಅವರ ಜೀಪೇ ಬಸ್ಸು. ಮದುವೆ ದಿಬ್ಬಣಕ್ಕೂ ಅದೇ, ಗೊಬ್ಬರದ ಚೀಲಕ್ಕೂ ಅದೇ, ಹೆರಿಗೆ ನೋವು ಬಂದವರಿಗೂ ಅದೇ. ನಮ್ಮ ಕಡೆ ಈಗ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಮಂದಿ ಆಸ್ಪತ್ರೆ ಮುಟ್ಟುವ ಪುರುಸೊತ್ತಿಲ್ಲದೆ ಆ ಜೀಪಿನ ಹಿಂದಿನ ಸೀಟಿನಲ್ಲೇ ಭೂಮಿಗೆ ಬಂದವರು. ಅವರ ಜನನ ಪತ್ರದಲ್ಲಿ ಸ್ಥಳ ಎಂಬಲ್ಲಿ ಏನು ಬರೆದರೋ ದೇವರಿಗೇ ಗೊತ್ತು.

ಇಂಥವರಿಗೆ ಟಿಕೆಟ್ಟು ಸಿಕ್ಕಿದ ಕಥೆ ಕೇಳಿ. ನಮ್ಮ ಕ್ಷೇತ್ರದಲ್ಲಿ ಚಿಕ್ಕಪ್ಪ ನಿಂತ ಪಕ್ಷಕ್ಕೆ ಇಬ್ಬರು ದೊಡ್ಡವರು, ಇಬ್ಬರೂ ಕಾಫಿ ತೋಟದ ಸಾಹುಕಾರರು. ಟಿಕೆಟ್ಟು ತನ್ನ ಕಡೆಯವನಿಗೇ ಸಿಗಬೇಕೆಂದು ಇಬ್ಬರಿಗೂ ಹಟ. ಮಾತುಕತೆಗೆ ಬನ್ನಿ ಎಂದು ಚಿಕ್ಕಮಗಳೂರಿನಿಂದ ಕರೆ ಬಂತು. ಒಬ್ಬರ ಕಾರಿಗೆ ಇನ್ನೊಬ್ಬರು ಹತ್ತಲು ಒಪ್ಪಲಿಲ್ಲ. ಬೇರೆ ಬೇರೆ ಹೋದರೆ ಮೊದಲು ಮುಟ್ಟಿದವನು ಕಿವಿ ಊದುತ್ತಾನೆಂಬ ಭಯ. ಕೊನೆಗೆ ಯಾರ ಕಡೆಗೂ ಸೇರದ ಗಾಡಿಯೆಂದು ಚಿಕ್ಕಪ್ಪನ ಜೀಪನ್ನು ಗೊತ್ತುಮಾಡಿದರು. ಒಬ್ಬರು ಮುಂದೆ, ಒಬ್ಬರು ಹಿಂದೆ. ಘಾಟಿಯುದ್ದಕ್ಕೂ ಇಬ್ಬರೂ ತುಟಿ ಬಿಚ್ಚಲಿಲ್ಲ.

ಅಲ್ಲಿ ಮಧ್ಯಾಹ್ನದವರೆಗೂ ಜಗಳ. ಬೆಂಗಳೂರಿನಿಂದ ಬಂದಿದ್ದ ಮುಖಂಡರಿಗೆ ಹಸಿವಾಗಿತ್ತು. "ನಿಮ್ಮಿಬ್ಬರಿಗೂ ಒಪ್ಪಿಗೆಯಾಗೋನು ಇಡೀ ಕ್ಷೇತ್ರದಲ್ಲಿ ಒಬ್ಬನೂ ಇಲ್ವೇನ್ರೀ?" ಎಂದರು. ಸಾಹುಕಾರರಿಬ್ಬರೂ ಕಿಟಕಿಯಾಚೆ ನೋಡಿದರು. ಚಿಕ್ಕಪ್ಪ ಜೀಪಿನ ಗಾಜು ಒರೆಸುತ್ತಿದ್ದರು. ಇವನಾದರೆ ನಾನು ಹೇಳಿದ ಹಾಗೆ ಕೇಳುತ್ತಾನೆ ಎಂದು ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆಯಿತು. ಅವರಿಬ್ಬರೂ ಜೀವಮಾನದಲ್ಲಿ ಒಪ್ಪಿಕೊಂಡ ಒಂದೇ ಮಾತು ಅದು. ಚಿಕ್ಕಪ್ಪ ಸಂಜೆ ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಿದ್ದು ಇಷ್ಟು: "ನಾಳೆಯಿಂದ ಜೀಪು ಓಡ್ಸೋಕೆ ಒಬ್ರನ್ನ ನೋಡ್ಬೇಕು. ನಂಗೆ ಎಲೆಕ್ಷನ್ ಅಂತೆ."

ಕಳಸದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಕರಪತ್ರ ಟೈಪು ಮಾಡಿಕೊಡುತ್ತೇನೆ ಎಂದು ಬಾಯಿತಪ್ಪಿ ಹೇಳಿದೆ. ಮರುದಿನ ನೋಡಿದರೆ ನಾನೇ ಆಪ್ತ ಸಹಾಯಕಿ, ನಾನೇ ಭಾಷಣ ಬರೆಯುವವಳು, ಮತದಾರರ ಪಟ್ಟಿ ಹಿಡಿದು ಹಿಂದೆ ಓಡುವವಳೂ ನಾನೇ.

ಮೊದಲ ದಿನ ಸಂಸೆ ಕಡೆಯ ಒಂದು ಮನೆಗೆ ಹೋದೆವು. ನಾನು ಗೇಟಿನ ಬಳಿ ಕಾರ್ಯಕರ್ತರೊಂದಿಗೆ ನಿಂತೆ. ಚಿಕ್ಕಪ್ಪ ಒಳಗೆ ಹೋದವರು ಮುಕ್ಕಾಲು ಗಂಟೆ ಬರಲಿಲ್ಲ. ಬಂದಾಗ ಕೈತುಂಬ ಮಣ್ಣು.

"ಕೇಳಿದ್ರಾ?" ಎಂದೆ.

"ಎಂತ?"

"ವೋಟು, ಚಿಕ್ಕಪ್ಪ."

"ಹ್ಯಾಗೆ ಕೇಳೋದು ಮಾರಾಯ್ತಿ? ಅವರ ಮೆಣಸಿನ ಬಳ್ಳಿಯೆಲ್ಲ ಸೊರಗಿ ಹೋಗಿದೆ. ಬುಡ ಬಿಡಿಸಿ ತೋರ್ಸಿದೆ. ನೀರು ನಿಲ್ತದೆ ಅಲ್ಲಿ."

ಎರಡನೆಯ ಮನೆಯಲ್ಲಿ ಹಸುವಿಗೆ ಹುಷಾರಿರಲಿಲ್ಲ. ಮೂರನೆಯ ಮನೆಯಲ್ಲಿ ಯಜಮಾನರಿಗೆ ಕಿವಿ ಕೇಳುತ್ತಿರಲಿಲ್ಲ, ಆದ್ದರಿಂದ ಕೂಗಿ ಕೇಳುವುದು ಸರಿಯಲ್ಲವಂತೆ. ಹೀಗೆ ಆ ದಿನ ಇಪ್ಪತ್ತು ಮನೆ ತಿರುಗಿ ಹದಿನೇಳು ಲೋಟ ಕಾಫಿ ಕುಡಿದು ಒಂದು ವೋಟೂ ಕೇಳದೆ ವಾಪಸಾದೆವು.

ಚಿಕ್ಕಪ್ಪನ ಜೀಪನ್ನು ಇಷ್ಟು ವರ್ಷ ಬದುಕಿಸಿಟ್ಟಿದ್ದು ಗ್ಯಾರೇಜಿನ ಇಬ್ರಾಹಿಂ ಸಾಹೇಬರು. ಅವರ ಬಳಿ ಹೋಗಿ ಅತ್ತುಕೊಂಡೆ. ಮರುದಿನದಿಂದ ಅವರೂ ಗ್ಯಾರೇಜಿಗೆ ಬಾಗಿಲು ಹಾಕಿ ಹೊರಟರು. "ನೀವು ಬಾಯಿ ಬಿಡೋದೇ ಬೇಡ," ಎಂದು ಚಿಕ್ಕಪ್ಪನಿಗೆ ತಾಕೀತು ಮಾಡಿದರು. "ಕೈ ಮುಗ್ದು ನಿಂತ್ಕೊಳ್ಳಿ, ಸಾಕು. ಉಳಿದದ್ದು ನಾನು ನೋಡ್ಕೊಳ್ತೇನೆ." ಚಿಕ್ಕಪ್ಪ ನಿಂತರು. ಎದುರಿನವರೂ ಕೈ ಮುಗಿದರು. ಅದಕ್ಕೇ ಇವರಿಗೆ ನಾಚಿಕೆಯಾಗಿ, ಇಬ್ರಾಹಿಂ ಸಾಹೇಬರು ಪಕ್ಷದ ಹೆಸರು ಹೇಳುವ ಮೊದಲೇ ಬೇಲಿಯ ದಣಪೆ ದಾಟಿ ರಸ್ತೆಯಲ್ಲಿರುತ್ತಿದ್ದರು.

ಮೂಡಿಗೆರೆಯಲ್ಲಿ ದೊಡ್ಡ ಸಭೆಯಾಯಿತು. ಭಾಷಣವನ್ನು ನಾನೇ ದಪ್ಪಕ್ಷರದಲ್ಲಿ ಟೈಪು ಮಾಡಿ ಕೊಟ್ಟಿದ್ದೆ. ಕೊನೆಯ ಸಾಲು, 'ನಿಮ್ಮ ಅಮೂಲ್ಯ ಮತವನ್ನು ನನಗೇ ನೀಡಿ' ಎಂಬುದು, ಅರ್ಧ ಹಾಳೆ ತುಂಬಿಕೊಂಡಿತ್ತು. ಚಿಕ್ಕಪ್ಪ ಎಲ್ಲವನ್ನೂ ತಪ್ಪಿಲ್ಲದೆ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟು, ಆಕಾಶ ನೋಡಿ, ಮೈಕಿನಲ್ಲಿ ಹೇಳಿದರು: "ಮೋಡ ಆಗಿದೆ, ಎಲ್ಲರೂ ಬೇಗ ಮನೆ ಸೇರ್ಕೊಳ್ಳಿ. ಸಂಸೆ ಕಡೆಯವ್ರು ನಿಲ್ಲಿ, ಜೀಪಿದೆ."

ಆದರೂ ಆ ಸಲ ಗೆದ್ದರು. ಹ್ಯಾಗೆಂದು ನನ್ನನ್ನು ಕೇಳಬೇಡಿ. ತಮ್ಮ ಮಾತು ಕೇಳುತ್ತಾನೆಂದು ನಂಬಿದ್ದ ಸಾಹುಕಾರರಿಬ್ಬರೂ ಆರು ತಿಂಗಳಲ್ಲಿ ಮುನಿಸಿಕೊಂಡರು. ಮುನಿಸಿನಲ್ಲಿ ಒಬ್ಬರಿಗೊಬ್ಬರು ಗೆಳೆಯರಾದರೆಂಬುದು ಬೇರೆ ಮಾತು.

ಎರಡನೆಯ ಚುನಾವಣೆಯಲ್ಲಿ ಎದುರಾಳಿ ಒಬ್ಬ ಯುವಕ, ಮೂಡಿಗೆರೆಯಲ್ಲಿ ವಕೀಲ. ಸಂಸೆ ಕಡೆಯ ದಾರಿಗಳ ಪರಿಚಯ ಅವನಿಗಿರಲಿಲ್ಲ. ಒಂದು ದಿನ ಅವನ ಕಾರು ಏರಿನಲ್ಲಿ ಸಿಕ್ಕಿಕೊಂಡು ಚಕ್ರ ಸುಮ್ಮನೆ ತಿರುಗುತ್ತಿತ್ತು. ನಮ್ಮವರು ನೋಡಿ ನಕ್ಕುಕೊಂಡು ಮುಂದೆ ಹೋಗಬೇಕು ತಾನೆ? ಚಿಕ್ಕಪ್ಪ ಇಳಿದು, ಅವನನ್ನು ಸೀಟಿನಿಂದ ಇಳಿಸಿ, ತಾವೇ ಕೂತು ಕಾರನ್ನು ಏರು ಹತ್ತಿಸಿ ಕೊಟ್ಟರು. ಅಷ್ಟಕ್ಕೆ ಬಿಟ್ಟರೇ?

"ಈ ಹೊತ್ತಲ್ಲಿ ಮೇಲೆ ಹೋಗ್ಬೇಡಿ," ಎಂದರು. "ಎಲ್ಲ ತೋಟದ ಕೆಲಸಕ್ಕೆ ಹೋಗಿರ್ತಾರೆ. ಸಂಜೆ ಐದರ ಮೇಲೆ ಹೋದ್ರೆ ಮನೇಲಿ ಸಿಕ್ತಾರೆ."

ಅವನು ಸಂಜೆ ಐದರ ಮೇಲೆ ಹೋದ. ಎಲ್ಲರೂ ಸಿಕ್ಕಿದರು. ಗೆದ್ದ. ಹಾರ ಹಾಕಿಕೊಂಡು ನಮ್ಮ ಮನೆಗೇ ಬಂದು ಚಿಕ್ಕಪ್ಪನ ಕಾಲಿಗೆ ನಮಸ್ಕಾರ ಮಾಡಿದ. ಚಿಕ್ಕಪ್ಪ ಖುಷಿಯಾಗಿ ಆಶೀರ್ವಾದ ಮಾಡಿದರು. ನಾನು ಅಡುಗೆ ಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ಮೂರನೆಯ ಸಲ ದೇವರು ಕಣ್ಣು ಬಿಟ್ಟ. ಪ್ರಚಾರ ಶುರುವಾದ ಎರಡನೇ ದಿನವೇ ಚಿಕ್ಕಪ್ಪ ತೋಟದ ಕಾಲುವೆ ದಾಟುವ ಕಾಲುಸಂಕದಲ್ಲಿ ಜಾರಿ ಕಾಲು ಮುರಿದುಕೊಂಡರು. ಆರು ವಾರ ಏಳಬಾರದೆಂದು ಡಾಕ್ಟರು ಹೇಳಿದಾಗ ಇಬ್ರಾಹಿಂ ಸಾಹೇಬರೂ ನಾನೂ ಮುಖ ಮುಖ ನೋಡಿಕೊಂಡೆವು. ಪಾಪ ಅನ್ನಿಸಲಿಲ್ಲವೆಂದರೆ ತಪ್ಪಾಗುತ್ತದೆ. ಅನ್ನಿಸಿತು, ಆದರೆ ಸ್ವಲ್ಪ ತಡವಾಗಿ. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟರು. ಮನೆಮನೆಯ ಮುಂದೆ ನಿಂತು, "ನಮ್ಮನೆಯವ್ರು ಮಲಗಿದ್ದಾರೆ, ನೀವು ಕೈ ಬಿಡ್ಬೇಡಿ," ಎಂದು ಸೀದಾ ಕೇಳಿದರು. ಹಿಂದೆಂದೂ ಕಾಣದ ಅಂತರದಲ್ಲಿ ಗೆದ್ದೆವು. ಅಭ್ಯರ್ಥಿ ಮನೆಯಲ್ಲೇ ಮಲಗಿದ್ದರಿಂದ ಗೆದ್ದ ಪಕ್ಷ ರಾಜ್ಯದಲ್ಲಿ ನಮ್ಮದೊಂದೇ ಇರಬೇಕು.

ನಾಲ್ಕನೆಯದು ಕಳೆದ ಚುನಾವಣೆ. ಕಾಲು ಸರಿಯಾಗಿತ್ತು, ನಮ್ಮ ಗ್ರಹಚಾರ. ಗಾಳಿ ಎದುರಿತ್ತು, ಒಂದೊಂದು ವೋಟೂ ಬೇಕಿತ್ತು. ಪ್ರಚಾರದ ಕೊನೆಯ ದಿನ ಹಳ್ಳದಾಚೆಯ ಒಂದು ಹಳ್ಳಿಗೆ ಹೋದೆವು. ಹಳ್ಳಕ್ಕೆ ಸೇತುವೆಯಿದೆ, ಚಿಕ್ಕಪ್ಪ ಮೊದಲ ಸಲ ಗೆದ್ದಾಗ ಹಟ ಹಿಡಿದು ಮಾಡಿಸಿದ್ದು. ಎಲ್ಲ ಮನೆಗಳಿಗೂ ಹೋಗಿ ಎಂದಿನಂತೆ ಕಾಫಿ ಕುಡಿದರು. ಊರ ಕೊನೆಯ ಒಂದು ಮನೆಯ ಮುಂದೆ ಮಾತ್ರ ಜೀಪಿನಿಂದ ಇಳಿಯಲೇ ಇಲ್ಲ.

ನನಗೆ ಹದಿನೈದು ವರ್ಷದ ಸಿಟ್ಟು ಒಟ್ಟಿಗೇ ಬಂತು. "ಕೇಳೋದಂತೂ ಇಲ್ಲ, ಮುಖ ತೋರ್ಸೋಕೂ ಆಗಲ್ವಾ ನಿಮ್ಗೆ? ನಾವೆಲ್ಲ ಅಂಗಡಿ ಮುಚ್ಚಿ ಬಂದಿದ್ದು ಎಂತಕ್ಕೆ? ಕೇಳಿದ್ರೆ ನಿಮ್ಗೆ ಇಲ್ಲ ಅಂತಾರಾ ಯಾರಾದ್ರೂ?"

"ಅದೇ ಮಾರಾಯ್ತಿ," ಎಂದರು ಚಿಕ್ಕಪ್ಪ. "ಇಲ್ಲ ಅನ್ನೋದಿಲ್ಲ. ಯಾರದ್ದೋ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿರ್ತೇನೆ, ಯಾರದ್ದೋ ಹೆಂಡ್ತೀನ. ನಾನು ಹೋಗಿ ಕೇಳಿದ್ರೆ ಅವರು ಇಲ್ಲ ಅನ್ನೋ ಹಾಗಿಲ್ಲ. ಇಲ್ಲ ಅನ್ನೋಕೆ ಆಗದವ್ರ ಹತ್ರ ಎಂತ ಕೇಳೋದು?"

ಅವರು ಜೀಪಿನ ಇಂಜಿನ್ ಆರಿಸಿದರು. ಆಮೇಲೆ ಆ ಮನೆಯ ಕಡೆ ನೋಡದೆಯೇ ಹೇಳಿದರು. ಸೇತುವೆ ಇಲ್ಲದ ಕಾಲ. ಒಂದು ಮಳೆಗಾಲದ ಮಧ್ಯಾಹ್ನ ಆ ಮನೆಯ ಹೆಂಗಸಿಗೆ ಚೊಚ್ಚಲ ಹೆರಿಗೆಯ ನೋವು ಬಂದಿತ್ತು. ಕುರ್ಚಿಯಲ್ಲಿ ಕೂರಿಸಿ ಹಳ್ಳದ ಆಚೆ ದಡದವರೆಗೆ ಹೊತ್ತು ತಂದರು. ಜೀಪು ಈಚೆ ದಡದಲ್ಲಿ, ನಡುವೆ ಕೆಂಪು ನೀರು ಉಕ್ಕುತ್ತಿತ್ತು. ಹಳ್ಳದ ನೀರು ಇಳಿಯಲು ಮೂರು ಗಂಟೆ ಹಿಡಿಯಿತು. ಆಸ್ಪತ್ರೆ ಮುಟ್ಟಿದ ಮೇಲೆ ತಾಯಿ ಉಳಿದಳು. ಮಗು ಉಳಿಯಲಿಲ್ಲ.

"ಹುಡುಗಿ ಅದು," ಎಂದರು ಚಿಕ್ಕಪ್ಪ. "ಇದ್ದಿದ್ರೆ ಈ ಸಲ ಹದಿನೆಂಟು ತುಂಬ್ತಿತ್ತು. ನಿನ್ನ ಪಟ್ಟಿ ನೋಡು, ಆ ಮನೇಲಿ ಎರಡು ವೋಟಿದೆ. ಮೂರಿರ್ಬೇಕಿತ್ತು. ಯಾವ ಮುಖ ಇಟ್ಕೊಂಡು ಹೋಗ್ಲಿ?"

ನಾನು ಪಟ್ಟಿ ನೋಡಲಿಲ್ಲ. ಚಿಕ್ಕಪ್ಪ ಜೀಪನ್ನು ಹಿಂದಕ್ಕೆ ತಿರುಗಿಸಿದರು.

ಸೋತೆವು. ಚಿಕ್ಕಮಗಳೂರಿನಲ್ಲಿ ಎಣಿಕೆ ಮುಗಿಯುವವರೆಗೂ ಇದ್ದು, ಗೆದ್ದವರ ಕೈಕುಲುಕಿ, ನಮ್ಮ ಕಡೆಯ ಏಜೆಂಟರಿಗೆಲ್ಲ ಊಟವಾಯಿತೇ ಎಂದು ವಿಚಾರಿಸಿ ಚಿಕ್ಕಪ್ಪ ಮನೆಗೆ ಬಂದರು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದಾಗ ಅಂಗಳಕ್ಕೆ ಒಬ್ಬ ಹೆಂಗಸು ಬಂದಳು, ಜೊತೆಗೆ ಅವಳ ಗಂಡ. ಸಮಾಧಾನ ಹೇಳಲು ಬಂದವರೆಂದುಕೊಂಡು ನಾನು ಕುರ್ಚಿ ಎಳೆದೆ. ಅವಳು ಕೂರಲಿಲ್ಲ. ಚಿಕ್ಕಪ್ಪ ಅವಳನ್ನು ಕಂಡು ಎದ್ದು ನಿಂತ ರೀತಿಯಲ್ಲೇ ಅವಳು ಯಾವ ಮನೆಯವಳೆಂದು ನನಗೆ ಗೊತ್ತಾಯಿತು.

"ಎಲ್ಲರ ಮನೆಗೂ ಹೋದ್ರಿ," ಎಂದಳು ಅವಳು. "ನಮ್ಮನೆ ಮುಂದೆ ಜೀಪು ನಿಲ್ಸಿ ಹಾಗೇ ವಾಪಸ್ ಹೋದ್ರಿ. ನಾನು ಬಾಗಿಲಲ್ಲೇ ನಿಂತಿದ್ದೆ."

ಚಿಕ್ಕಪ್ಪ ಕೈಯಲ್ಲಿದ್ದ ಪೇಪರು ಮಡಚಿದರು.

"ಎಂತಕ್ಕೆ ಬರ್ಲಿಲ್ಲ ಅಂತ ನಂಗೊತ್ತುಂಟು. ಆವತ್ತು ನೀರಿಳಿಯೋಕೆ ಮೊದ್ಲೇ ಹಗ್ಗ ಹಿಡ್ಕೊಂಡು ಈಜಿ ಬಂದ್ರಲ್ಲ ನೀವು, ಜೀಪಿನ ಟಾರ್ಪಲ್ ತಗೊಂಡು. ಮೂರು ಗಂಟೆ ನನ್ನ ತಲೆ ಮೇಲೆ ಅದನ್ನ ಹಿಡ್ಕೊಂಡು ನಿಂತಿದ್ರಿ. ನೀವು ಅದೊಂದನ್ನ ಮರ್ತು ಉಳಿದದ್ದೆಲ್ಲ ನೆನಪಿಟ್ಕೊಂಡಿದ್ದೀರಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ವೋಟು ಗೀಟು ಎಂತದ್ದೂ ಇಲ್ಲ. ಮುಗ್ದೋಯ್ತು. ಈಗಾದ್ರೂ ಊಟಕ್ಕೆ ಬನ್ನಿ. ಕಡುಬಿಗೆ ಅಕ್ಕಿ ನೆನೆ ಹಾಕಿ ಬಂದಿದ್ದೇನೆ."

ಎರಡು ಸೋಲಿನಲ್ಲೂ ಕಣ್ಣು ತೇವ ಮಾಡಿಕೊಳ್ಳದ ಚಿಕ್ಕಪ್ಪ ಹೆಗಲ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಕಂಬಕ್ಕೆ ಒರಗಿದರು. ಚಿಕ್ಕಮ್ಮ ಒಳಗಿಂದ ಬಂದವರು ಒಂದು ಕ್ಷಣ ನಿಂತು ನೋಡಿ, ಚಿಕ್ಕಪ್ಪನ ಚಪ್ಪಲಿಗಳನ್ನು ಮೂಲೆಯಿಂದ ಎತ್ತಿ ತಂದು, ಬಗ್ಗಿ, ಅವರ ಕಾಲ ಬಳಿ ಜೋಡಿಸಿಟ್ಟರು.