ಬೆಕ್ಕಿನ ಬಾಟಲಿ

ದರ್ಜಿಗೆ ಅತ್ತೆಯ ಮೇಲೆ ಸಿಟ್ಟಿರಲಿಲ್ಲ, ಅತ್ತೆಯ ಬೆಕ್ಕಿನ ಮೇಲಿತ್ತು. ಹದಿನಾರು ವರ್ಷದ ಆ ಮುದಿಬೆಕ್ಕಿಗೆ ಕೀಲುನೋವು, ಬಿಸಿಲು ಬೇಕು ಎಂದು ಅತ್ತೆ ಮುಂದಿನ ಕೋಣೆಯನ್ನು ಅದಕ್ಕೇ ಬಿಟ್ಟುಕೊಟ್ಟಿದ್ದರು. ಮನೆ ಅತ್ತೆಯದು, ಹಾಗಾಗಿ ಅಳಿಯನ ಹೊಲಿಗೆ ಯಂತ್ರ ಮೆಟ್ಟಿಲ ಕೆಳಗಿನ ಕತ್ತಲಲ್ಲಿತ್ತು. ಅಲ್ಲಿ ಅವನು ಕಪ್ಪು ಬಟ್ಟೆಗೆ ನೀಲಿ ದಾರ ಹಾಕಿ ಗಿರಾಕಿಗಳಿಂದ ಉಗಿಸಿಕೊಳ್ಳುತ್ತಿದ್ದ.

ಆ ದಿನ ತಂಗಿಯ ಮನೆಗೆ ಹೊರಟ ಅತ್ತೆ ಅವನ ಕೈಗೊಂದು ಪುಟ್ಟ ಬಾಟಲಿ ಕೊಟ್ಟರು. ವಯಸ್ಸಾದ ಬೆಕ್ಕುಗಳಿಗೆ ಕಿಡ್ನಿ ಕೈಕೊಡುತ್ತದಂತೆ. ಅದರ ಮೂತ್ರ ಹಿಡಿದು ಬೆಕ್ಕಿನ ಡಾಕ್ಟರಿಗೆ ಮುಟ್ಟಿಸಬೇಕು.

"ಇದೊಂದು ಕೆಲಸ ನೆಟ್ಟಗೆ ಮಾಡಿ. ಮುಂದಿನ ಕೋಣೇಲಿ ನಿಮ್ಮ ಮಿಷನ್ನಿಗೂ ಜಾಗ ಮಾಡಿಕೊಡ್ತೀನಿ," ಎಂದರು.

ದರ್ಜಿ ಬೆಕ್ಕು ಒಂದಕ್ಕೆ ಹೋಗುವ ಮರಳಿನ ತಟ್ಟೆಯನ್ನು ತೊಳೆದು ಖಾಲಿ ಇಟ್ಟು, ಸೌಟು ಹಿಡಿದು ಕಾದ. ಬೆಕ್ಕು ತಟ್ಟೆಯನ್ನು ನೋಡಿತು, ಸೌಟನ್ನು ನೋಡಿತು, ಮಲಗಿಬಿಟ್ಟಿತು. ಕಿಟಕಿಯಿಂದ ಸೌಟು ಕಂಡ ಪಕ್ಕದ ಮನೆಯ ಟೀಚರಮ್ಮ ವಿಷಯ ತಿಳಿದು, ಮೊದಲು ಚೆನ್ನಾಗಿ ಕುಡಿಸಬೇಕೆಂದು ಮೀನು ಬೇಯಿಸಿದ ನೀರು ತಂದರು. ಬೆಕ್ಕು ಬಟ್ಟಲು ನೆಕ್ಕಿ ಮತ್ತೆ ಮಲಗಿತು. ಅಷ್ಟರಲ್ಲಿ ಮಹಡಿ ಮೇಲಿನ ಬ್ಯಾಂಡ್ ಮಾಸ್ತರರು ಇಳಿದು ಬಂದರು. ನಿವೃತ್ತರಾದ ಮೇಲೆ ಅವರಿಗೆ ಊದಲು ಕಹಳೆಯಿರಲಿಲ್ಲ, ಹಾಗಾಗಿ ಉಪದೇಶ ಊದುತ್ತಿದ್ದರು. ನೀರಿನ ಸದ್ದು ಕೇಳಿದರೆ ಯಾರಿಗಾದರೂ ಬಂದೇ ಬರುತ್ತದೆ ಎನ್ನುತ್ತ ನಲ್ಲಿ ತಿರುಗಿಸಿದರು.

ಅವರ ಮಾತು ಸರಿಯಾಗಿತ್ತು. ಮೊದಲು ಟೀಚರಮ್ಮ ತಮ್ಮ ಮನೆಗೆ ಓಡಿದರು. ಆಮೇಲೆ ದರ್ಜಿ ಬಚ್ಚಲಿಗೆ ಓಡಿದ. ಅವನು ಹೊರಗೆ ಬರುವಷ್ಟರಲ್ಲಿ ಮಾಸ್ತರರು ತುಂಬಿದ ಬಾಟಲಿ ಹಿಡಿದು, ಏದುಸಿರು ಬಿಡುತ್ತ ನಿಂತಿದ್ದರು.

"ನೀವು ಆ ಕಡೆ ಹೋದ್ರಿ, ಈ ಕಡೆ ಕೆಲಸ ಆಯ್ತು," ಎಂದರು.

ದರ್ಜಿ ನೆಲಕ್ಕೆ ಕಾಲು ತಾಗಿಸದೆ ಡಾಕ್ಟರ ಬಳಿ ಹೋಗಿ ಬಂದ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮುಂದಿನ ಕೋಣೆಗೆ ಬೋರ್ಡು ತೂಗುಹಾಕಿದ.

ಸಂಜೆ ಅತ್ತೆ ಚಪ್ಪಲಿ ಬಿಡುವಷ್ಟರಲ್ಲಿ ಡಾಕ್ಟರ ಫೋನು ಬಂತು. ಕಿಡ್ನಿಗೇನೂ ಆಗಿಲ್ಲ, ಆದರೆ ಸಕ್ಕರೆ ವಿಪರೀತ, ನಾಳೆಯೇ ಕರೆತನ್ನಿ. ಅತ್ತೆ ಬೆಕ್ಕನ್ನು ಅಪ್ಪಿಕೊಂಡು ಅತ್ತರು. ದರ್ಜಿಗೂ ನಿಜವಾಗಿ ಸಂಕಟವಾಯಿತು. ಸುದ್ದಿ ಕೇಳಲು ಬಂದಿದ್ದ ಮಾಸ್ತರರು ಮಾತ್ರ ಸುಣ್ಣದಂತೆ ಬಿಳಿಚಿಕೊಂಡು, ಬಾಯಲ್ಲಿದ್ದ ಚಾಕಲೇಟನ್ನು ಮೆಲ್ಲಗೆ ಹೊರಗೆ ತೆಗೆದರು.

"ಸಕ್ಕರೆನಾ? ನಂಗಾ?"

ದರ್ಜಿಯ ಪಾಡು ನೋಡಲಾಗದೆ ಮಹಡಿಗೆ ಓಡಿ, ತಾವೇ ತುಂಬಿಸಿ ತಂದಿದ್ದರಂತೆ. ಅತ್ತೆ ಕಣ್ಣೊರೆಸಿಕೊಂಡು ಅಳಿಯನ ಕಡೆ ತಿರುಗಿದರು.

"ಮಿಷನ್ನು ಅಲ್ಲೇ ಇರಲಿ," ಎಂದು ಇನ್ನೊಂದು ಬಾಟಲಿ ಕೊಟ್ಟರು.

ಸುದ್ದಿ ಬೀದಿಗೆಲ್ಲ ಹಬ್ಬಿತು. ಮೆಟ್ಟಿಲ ಕೆಳಗೆ ತಲೆಮೇಲೆ ಕೈಹೊತ್ತು ಕೂತಿದ್ದ ದರ್ಜಿಯ ಬಳಿ ಟೀಚರಮ್ಮ ಸದ್ದಿಲ್ಲದೆ ಬಂದರು. ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ತಮಗೆ ಆಗುವುದಿಲ್ಲ, ಈ ಡಾಕ್ಟರ ಪರೀಕ್ಷೆ ಎಷ್ಟು ಚೊಕ್ಕ ಎನ್ನುತ್ತ ಚೀಲದಿಂದ ಬಾಟಲಿಯೊಂದನ್ನು ತೆಗೆದಿಟ್ಟರು.

"ಇದನ್ನೂ ಬೆಕ್ಕಿಂದೇ ಅಂತ ಕೊಟ್ಟುಬಿಡಿ."

ಅವರ ಹಿಂದೆ ಬೇಕರಿಯವನು ನಿಂತಿದ್ದ, ಅವನ ಹಿಂದೆ ಪೋಸ್ಟ್‌ಮ್ಯಾನ್. ದೀಪ ಹಚ್ಚುವ ಹೊತ್ತಿಗೆ ಹೊಲಿಗೆ ಯಂತ್ರದ ಮೇಲೆ ಬಾಟಲಿಗಳ ಸಾಲು ಸೇರಿತ್ತು. ಅದರಲ್ಲಿ ಖಾಲಿಯಿದ್ದದ್ದು ಬೆಕ್ಕಿನದೊಂದೇ.