ಅರ್ಧ ಇಂಚು ಕುಗ್ಗಿದ ಮಗಳು

ಶಾಲೆ ಶುರುವಾಗುವ ದಿನ ಬೆಳಿಗ್ಗೆ ಅಳತೆ ತೆಗೆದು ನೋಡಿದರೆ ಟೈಲರನ ಮಗಳು ಹೋದ ವರ್ಷಕ್ಕಿಂತ ಅರ್ಧ ಇಂಚು ಕುಗ್ಗಿದ್ದಳು.

ಟೈಲರ್ ಎರಡನೇ ಸಲ ಅಳೆದ. ಮೂರನೇ ಸಲ ಕನ್ನಡಕ ಒರೆಸಿಕೊಂಡು ಅಳೆದ. ಅಳತೆ ಪುಸ್ತಕದಲ್ಲಿ ಹೋದ ವರ್ಷದ್ದು ಅವನದೇ ಕೈಬರಹದಲ್ಲಿತ್ತು: ನಲವತ್ತೇಳು. ಟೇಪು ಈಗ ಹೇಳುತ್ತಿದ್ದುದು ನಲವತ್ತಾರೂವರೆ. ಬೆಳೆಯದೆ ನಿಂತುಹೋದ ಮಕ್ಕಳ ವಿಷಯ ಅವನು ಕೇಳಿದ್ದ. ಬೆಳೆದಷ್ಟನ್ನೂ ವಾಪಸು ಕೊಡುವ ಮಕ್ಕಳ ವಿಷಯ ಯಾರೂ ಹೇಳಿರಲಿಲ್ಲ.

ಅವಳ ಶಾಲೆಯ ಉಳಿದ ಇನ್ನೂರ ಹತ್ತು ಮಕ್ಕಳ ಯೂನಿಫಾರ್ಮ್ ಹೊಲಿಯುವವನು ಇವನೇ. ವರ್ಷದ ಅನ್ನವೆಂದರೆ ಅದೇ. ಶಾಲೆಯವರು ಕೊಟ್ಟ ಸೈಜಿನ ಪಟ್ಟಿ ಎದುರಿಗಿಟ್ಟುಕೊಂಡು ರಜೆಯಿಡೀ ಕತ್ತರಿಸಿ, ಹೊಲಿದು, ಗುಂಡಿ ಹಾಕಿ ಹಿಂದಿನ ದಿನ ಸಂಜೆಯಷ್ಟೇ ಮೂಟೆ ಕಟ್ಟಿ ಕಳಿಸಿದ್ದ. ಆ ಗಡಿಬಿಡಿಯಲ್ಲಿ ಸ್ವಂತ ಮಗಳದ್ದೇ ಉಳಿದುಹೋಗಿತ್ತು. ಎಂಟು ವರ್ಷದ ಈ ಹುಡುಗಿ ಕೂತಲ್ಲಿ ಕೂರುವವಳಲ್ಲ. ಬೀದಿಯವರೆಲ್ಲ ಅವಳನ್ನು ಮಿಡತೆ ಎಂದೇ ಕರೆಯುತ್ತಿದ್ದರು.

"ಲೇ, ಇಲ್ಲಿ ಬಾ!" ಎಂದು ಹೆಂಡತಿಯನ್ನು ಕೂಗಿದ. "ನಮ್ಮ ಮಗು ಸವೀತಾ ಇದೆ!"

"ಸವೆಯೋಕೆ ಅದೇನು ಸೋಪಾ?" ಎನ್ನುತ್ತಲೇ ಹೆಂಡತಿ ಬಂದಳು. ಪುಸ್ತಕ ನೋಡಿದಳು, ಟೇಪು ನೋಡಿದಳು, ಕೊನೆಗೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. "ನಿಮ್ಮ ಕಡೆಯೋರೆಲ್ಲ ಕುಳ್ಳರೇ. ಮದುವೆಗೆ ಮುಂಚೇನೇ ನಮ್ಮಮ್ಮ ಹೇಳಿದ್ಲು."

"ಕುಳ್ಳಗಿರೋದು ಬೇರೆ, ಕುಗ್ಗೋದು ಬೇರೆ ಕಣೇ!"

ಈ ಮಾತು ಪಕ್ಕದ ಅಂಗಡಿಯ ಇಸ್ತ್ರಿಯವನ ಕಿವಿಗೆ ಬಿತ್ತು. ಅವನ ಕಿವಿಗೆ ಬಿದ್ದದ್ದು ಅಲ್ಲೇ ಬಿದ್ದಿರುವುದಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಓಡಿ ಬಂದ.

"ಮಗೂಗೆ ಬಿಸಿನೀರಲ್ಲಿ ಸ್ನಾನ ಮಾಡಿಸ್ತೀರಾ?" ಎಂದು ಗಂಭೀರವಾಗಿ ಕೇಳಿದ.

"ಹೂಂ, ದಿನಾ."

"ಅದೇ ನೋಡಿ! ಎಂಥಾ ಹತ್ತಿ ಬಟ್ಟೆನೇ ಆಗ್ಲಿ, ಬಿಸಿನೀರಿಗೆ ಹಾಕಿದ್ರೆ ಕುಗ್ಗುತ್ತೆ. ಅಂಥಾದ್ರಲ್ಲಿ ಇದು ಎಳೇ ಮಗು."

ಟೈಲರನಿಗೆ ಇದು ನಿಜವೆನಿಸಿಬಿಟ್ಟಿತು. ಬಟ್ಟೆಯನ್ನು ನೆನೆಸಿ ಒಣಗಿಸಿದ ಮೇಲೇ ಕತ್ತರಿ ಹಾಕಬೇಕೆಂದು ಕಲಿತವನು ಅವನು. ಮಗಳನ್ನೂ ಹುಟ್ಟಿದಾಗಲೇ ಒಮ್ಮೆ ಸರಿಯಾಗಿ ನೆನೆಸಿ ಒಣಗಿಸಬೇಕಿತ್ತೇನೋ ಎಂದು ಕೊರಗಿದ.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು, ಯಾರೂ ಕರೆಯದಿದ್ದರೂ, ಸೀಟಿ ಕೊರಳಿಗೆ ಹಾಕಿಕೊಂಡೇ ಹಾಜರಾದರು. ಅವರ ಪ್ರಕಾರ ಲೋಕದ ಸಕಲ ಕಾಯಿಲೆಗೂ ಒಂದೇ ಔಷಧ, ಜೋತಾಡುವುದು. ಮಿಡತೆಯನ್ನು ಕಿಟಕಿಯ ಮೇಲಿನ ಕಂಬಿಗೆ ನೇತುಹಾಕಿ "ಒಂದು, ಎರಡು" ಎಂದು ನೂರರವರೆಗೆ ಎಣಿಸಿದರು. ಅವಳಿಗೋ ಹಬ್ಬ. ಶಾಲೆ ತಪ್ಪಿದ್ದೂ ಅಲ್ಲದೆ ಮನೆಯ ದೊಡ್ಡವರೇ ನಿಂತು ಕಿಟಕಿ ಹತ್ತಿಸುತ್ತಿದ್ದರು.

"ಈಗ ಅಳೆಯೋಣ. ನಿಂಗೆ ಅಳೆಯೋಕೆ ಬರಲ್ಲ ಕಣಯ್ಯ, ಕೊಡಿಲ್ಲಿ" ಎಂದು ಮೇಷ್ಟ್ರು ಟೇಪು ಕಿತ್ತುಕೊಂಡರು. "ಹೀಗೆ ಬಿಗಿಯಾಗಿ ಎಳೆದು ಹಿಡೀಬೇಕು." ಹಲ್ಲುಕಚ್ಚಿ ಎಳೆದು ಹಿಡಿದು ನೋಡಿದರು. ಅವರ ಮುಖ ಇಳಿಯಿತು. ನಲವತ್ತಾರೂಕಾಲು.

ಒಂದೇ ಬೆಳಗಿನಲ್ಲಿ ಇನ್ನೊಂದು ಕಾಲಿಂಚು ಹೋಗಿತ್ತು.

ಇಸ್ತ್ರಿಯವನು ಬೆರಳು ಮಡಚಿ ಲೆಕ್ಕ ಹಾಕಿದ. "ದಿನಕ್ಕೆ ಕಾಲಿಂಚು ಅಂದ್ರೆ... ಇನ್ನು ಆರು ತಿಂಗಳಿಗೆ ಮಗು ಪೂರ್ತಿ ಖಾಲಿ."

ಹೆಂಡತಿ ಅಳತೊಡಗಿದಳು. ಟೈಲರನಿಗೆ ಇದ್ದ ಮಗು ಇವಳೊಬ್ಬಳೇ. ಟೇಪನ್ನು ಕೊರಳಿಗೆ ಹಾಕಿಕೊಂಡು, ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಡಾಕ್ಟರಮ್ಮನ ಬಳಿಗೆ ಓಡಿದ. ನಡೆಸಿದರೆ ಇನ್ನಷ್ಟು ಸವೆದಾಳೆಂಬ ಭಯ. ಇಸ್ತ್ರಿಯವನು ಮಾತ್ರ ಹಿಂದೆಯೇ ಉಳಿದ. ಇದು ಅಂಟುರೋಗವೇ ಇರಬೇಕೆಂದು ಮನೆಮನೆಗೂ ತಿಳಿಸುವ ಜವಾಬ್ದಾರಿ ಅವನ ಮೇಲಿತ್ತು.

ಆಸ್ಪತ್ರೆಯಲ್ಲಿ ಸರದಿ ಬರುವಾಗ ಮಧ್ಯಾಹ್ನ ಮೂರು ದಾಟಿತ್ತು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಬಿಸಿನೀರಿನ ವಿಷಯ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟರು.

"ನೋಡಿ, ಮಕ್ಕಳು ಕುಳ್ಳಗಿರೋಕೆ ಕಾರಣ ಬೇಕಾದಷ್ಟಿದೆ. ಅಪ್ಪ ಅಮ್ಮ ಕುಳ್ಳಗಿರಬಹುದು. ಸರಿಯಾಗಿ ಊಟ ಇಲ್ದೇ ಇರಬಹುದು. ಯಾವುದೋ ಕಾಯಿಲೆ ಒಳಗೊಳಗೇ ಇರಬಹುದು. ಥೈರಾಯ್ಡ್, ಹಾರ್ಮೋನು ಕಮ್ಮಿ ಇರಬಹುದು. ಕೆಲವು ಮಕ್ಕಳು ಬೆಳೆಯೋದೇ ನಿಧಾನ. ಆದ್ರೆ ಕುಗ್ಗೋ ಮಗೂನ ನಾನು ಪುಸ್ತಕದಲ್ಲೂ ಓದಿಲ್ಲ. ಬಾಮ್ಮ, ಇಲ್ಲಿ ನಿಂತ್ಕೊ."

ಗೋಡೆಯ ಅಳತೆಪಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿದರು. ನಲವತ್ತೊಂಬತ್ತೂವರೆ ಇಂಚು.

"ವರ್ಷಕ್ಕೆ ಎರಡೂವರೆ ಇಂಚು ಬೆಳೆದಿದ್ದಾಳಲ್ರೀ! ಇನ್ನೇನು ಬೇಕು ನಿಮಗೆ? ಎಲ್ಲಿ, ಆ ಟೇಪು ಕೊಡಿ."

ಟೇಪನ್ನು ಅಳತೆಪಟ್ಟಿಯ ಪಕ್ಕದಲ್ಲಿ ಇಳಿಬಿಟ್ಟರು. ಬಟ್ಟೆಯ ಟೇಪು ಮೂರು ಇಂಚಿಗೂ ಹೆಚ್ಚು ಜಗ್ಗಿಹೋಗಿತ್ತು.

"ಹೂಂ ಅಪ್ಪಾ" ಎಂದು ಮಿಡತೆ ಹೆಮ್ಮೆಯಿಂದ ಹೇಳಿದಳು. "ರಜೆ ಶುರುವಾದ ದಿನ ಅದ್ರಲ್ಲಿ ಹಗ್ಗ ಜಗ್ಗಾಟ ಆಡಿದ್ವಿ. ನಮ್ಮ ಕಡೆಯೋರೇ ಗೆದ್ವಿ."

ಬೈಯಬೇಕಾದ ಟೈಲರ್ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ. ಮಗಳು ಇದ್ದಾಳೆ, ಪೂರ್ತಿ ಇದ್ದಾಳೆ, ಮೇಲೆ ಎರಡೂವರೆ ಇಂಚು ಹೆಚ್ಚಿಗೇ ಇದ್ದಾಳೆ! ಟೇಪನ್ನು ಕಸದ ಬುಟ್ಟಿಗೆ ಎಸೆದ. ಎಸೆದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಇನ್ನೂರ ಹತ್ತು ಮಕ್ಕಳ ಬಟ್ಟೆಯನ್ನು ಕತ್ತರಿಸಿದ್ದು ಇದೇ ಟೇಪಿನಲ್ಲಿ.

ಆಗಲೇ ಹೊರಗೆ ಗದ್ದಲ ಕೇಳಿಸಿತು. ಬಾಗಿಲು ತಳ್ಳಿಕೊಂಡು ಜನ ನುಗ್ಗಿದರು. ಶಾಲೆಯಲ್ಲಿ ಅವತ್ತು ಹಂಚಿದ ಹೊಸ ಯೂನಿಫಾರ್ಮ್ ತೊಟ್ಟ ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮಂದಿರು, ಎಲ್ಲರಿಗಿಂತ ಮುಂದೆ ಹೆಡ್ ಮೇಡಂ. ಮಕ್ಕಳ ತೋಳಿನಿಂದ ಬೆರಳು ಕಾಣುತ್ತಿರಲಿಲ್ಲ. ಪ್ಯಾಂಟುಗಳು ನೆಲ ಗುಡಿಸುತ್ತಿದ್ದವು. ಬೆಳೆಯುವ ಮಕ್ಕಳೆಂದು ಟೈಲರ್ ಪ್ರತಿ ವರ್ಷ ಬಿಡುವ ಎರಡು ಇಂಚಿನ ಜೊತೆಗೆ ಟೇಪಿನ ಪಾಲೂ ಸೇರಿಕೊಂಡಿತ್ತು.

"ಡಾಕ್ಟ್ರೇ, ಬೆಳಿಗ್ಗೆ ಚೆನ್ನಾಗೇ ಇದ್ದ ನನ್ನ ಮಗ, ಈಗ ನೋಡಿ, ಕುಗ್ಗಿಹೋಗಿದ್ದಾನೆ!" ಎಂದು ಒಬ್ಬ ತಾಯಿ ಅತ್ತಳು.

"ಟೈಲರ್ ಮಗಳಿಂದ ಅಂಟಿದ್ದು!" ಎಂದ ಹಿಂದಿನಿಂದ ಇಸ್ತ್ರಿಯವನು.

ಮಗಳ ಮೇಲೆ ಬಂದ ಮಾತನ್ನು ಟೈಲರ್ ಸಹಿಸಲಿಲ್ಲ. ಬೆಂಚಿನ ಮೇಲೆ ಹತ್ತಿ ನಿಂತ. "ಮಕ್ಕಳಿಗೇನೂ ಆಗಿಲ್ಲ! ತಪ್ಪೆಲ್ಲ ನಂದು. ನನ್ನ ಟೇಪು ಜಗ್ಗಿಹೋಗಿತ್ತು. ಬಟ್ಟೆ ದೊಡ್ಡದಾಗಿದೆ ಅಷ್ಟೇ. ಹೊಡೆಯೋದಾದ್ರೆ ನಂಗೆ ಹೊಡೀರಿ" ಎಂದು ಕಣ್ಣು ಮುಚ್ಚಿಕೊಂಡ.

ಹೊಡೆತ ಬೀಳಲಿಲ್ಲ. ಬದಲಿಗೆ ಆ ತಾಯಿಯ ದನಿ ಕೇಳಿಸಿತು. "ದೊಡ್ಡದಾಗಿದೆಯಾ? ಬರೀ ದೊಡ್ಡದಾ?"

"ಹೂಂ."

"ಅಯ್ಯೋ ಪುಣ್ಯಾತ್ಮ! ಪ್ರತಿ ವರ್ಷ ದೊಡ್ಡದಾಗಿ ಹೊಲೀರಿ ಅಂತ ಬಾಯಿ ಬಡ್ಕೋತಿದ್ವಿ. ಈ ಸಲನಾದ್ರೂ ಕೇಳಿಸ್ಕೊಂಡ್ರಲ್ಲ!"

ಒಬ್ಬ ಅಪ್ಪ ಮಗನ ತೋಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡಿದ. "ಮೂರು ವರ್ಷ ಬರುತ್ತೆ, ಗ್ಯಾರಂಟಿ." ಟೈಲರನನ್ನು ಬೆಂಚಿನಿಂದ ಇಳಿಸಿ ಒಬ್ಬೊಬ್ಬರಾಗಿ ಕೈ ಕುಲುಕಿದರು. ಇಸ್ತ್ರಿಯವನಂತೂ ಇದು ಮೊದಲೇ ತನಗೆ ಗೊತ್ತಿತ್ತೆಂದ.

ಹೆಡ್ ಮೇಡಂ ಕಣ್ಣೊರೆಸಿಕೊಂಡು ಮುಂದೆ ಬಂದರು. "ನಿಮ್ಮಿಂದ ಎಷ್ಟು ಉಪಕಾರ ಆಯ್ತು! ಹಾಗಾದ್ರೆ ಬರೋ ವರ್ಷ, ಅದರ ಮುಂದಿನ ವರ್ಷ, ಎರಡು ವರ್ಷವೂ ಯೂನಿಫಾರ್ಮ್ ಬೇಡ. ನಿಮಗೆ ತೊಂದರೇನೇ ಕೊಡಲ್ಲ, ಆರಾಮಾಗಿರಿ."

ಜನರೆಲ್ಲ ನಗುನಗುತ್ತಾ ಹೊರಟುಹೋದರು. ಟೈಲರ್ ಮಾತ್ರ ಅದೇ ಬೆಂಚಿನ ಮೇಲೆ ಕುಸಿದು ಕೂತ. ಆಮೇಲೆ ಮೆಲ್ಲಗೆ ಎದ್ದು ಡಾಕ್ಟರಮ್ಮನ ಮೇಜಿನ ಬಳಿಗೆ ಹೋದ.

"ಡಾಕ್ಟ್ರೇ, ಮಕ್ಕಳು ಬೇಗ ಬೇಗ ಬೆಳೆಯೋಕೆ ಏನಾದ್ರೂ ಔಷಧಿ ಇದೆಯಾ?"

"ಅಲ್ರೀ, ನಿಮ್ಮ ಮಗಳು ಚೆನ್ನಾಗಿದ್ದಾಳೆ ಅಂತ ಎಷ್ಟು ಸಲ ಹೇಳ್ಲಿ?"

"ನನ್ನ ಮಗಳಿಗಲ್ಲ" ಎಂದ ಟೈಲರ್. "ಉಳಿದ ಇನ್ನೂರ ಹತ್ತು ಮಕ್ಕಳಿಗೆ."