ಕಣ್ಣಳತೆಯಲ್ಲಿ ತೂಗಿದ ವಿಮಾನ

ಇನ್ನೊಬ್ಬರ ತೂಕ ಹೇಳುವಷ್ಟು ಸುಖದ ಕೆಲಸ ಪ್ರಪಂಚದಲ್ಲಿ ಮತ್ತೊಂದಿಲ್ಲ. ಈ ಸುಖವನ್ನು ನಾನು ಸಂಬಳ ತೆಗೆದುಕೊಂಡು ಅನುಭವಿಸಿದವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಗಳೂರಿನ ಬಂದರಿನಲ್ಲಿ ಅಕ್ಕಿಮೂಟೆ ಹೊತ್ತ ನನಗೆ ಭಾರವೆಂಬುದು ಪುಸ್ತಕದ ಪಾಠವಲ್ಲ, ಬೆನ್ನಿನ ಪಾಠ. ತೊಂಬತ್ತರ ದಶಕದಲ್ಲಿ ಕತಾರಿನ ಮರಳುಗಾಡಿನ ಒಂದು ತೈಲ ಕ್ಯಾಂಪಿನಲ್ಲಿ ರನ್‌ವೇ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ರನ್‌ವೇ ಎಂದರೆ ಡಾಂಬರು ಗೀಂಬರು ಇಲ್ಲ. ಜಲ್ಲಿ ಹಾಸಿ ರೋಲರ್ ಓಡಿಸಿದ ಗಿಡ್ಡ ದಾರಿ. ದಪ್ಪ ಕಲ್ಲು ಹೆಕ್ಕುವುದು, ಅಡ್ಡ ಬಂದ ಒಂಟೆಗಳನ್ನು ಅಟ್ಟುವುದು, ಪುಟ್ಟ ಟರ್ಬೊಪ್ರಾಪ್ ವಿಮಾನ ಬಂದಾಗ ಹತ್ತುವವರ ತೂಕ ಬರೆದು ಕ್ಯಾಪ್ಟನ್ ಕೈಗೆ ಕೊಡುವುದು. ಭಾರ ಮೀರಿದರೆ ರನ್‌ವೇ ಮುಗಿದರೂ ವಿಮಾನ ಏಳುವುದಿಲ್ಲ. ಬಿಸಿಲೇರಿದರಂತೂ ಅದಕ್ಕೂ ನಮ್ಮಷ್ಟೇ ಸೋಮಾರಿತನ.

ಮೂಟೆ ಇಟ್ಟು ತೂಗುವ ಮುಳ್ಳಿನ ತಕ್ಕಡಿ ಇದ್ದದ್ದು ಕ್ಯಾಂಪಿನ ಅಡುಗೆಮನೆಯಲ್ಲಿ. ಅದನ್ನು ತರಿಸಿದರೆ ನನ್ನ ಮರ್ಯಾದೆ ಏನಾದೀತು? ಆಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಕಿಲೋ ಹೇಳಿಬಿಡುತ್ತಿದ್ದೆ. ಕ್ಯಾಪ್ಟನ್ ಒಂದೆರಡು ಸಲ ಪರೀಕ್ಷಿಸಿ, ಆಮೇಲೆ ನನ್ನ ಕಣ್ಣನ್ನೇ ನಂಬಿದ. ಮೈಸೂರಿನ ಇಂಜಿನಿಯರ್ ನಾಗರಾಜ ರಾಯರು ಮಾತ್ರ ನನ್ನನ್ನು ಕಂಡರೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. “ಮೆಲ್ಲಗೆ ಹೇಳಪ್ಪಾ ಅಬ್ಬಾಸ್” ಎನ್ನುತ್ತಿದ್ದರು. ಇಂಜಿನ್ನಿನ ಸದ್ದಿನ ನೆಪ ಮಾಡಿ ನಾನು ತೊಂಬತ್ತೊಂದನ್ನು ಎರಡೆರಡು ಸಲ ಕೂಗುತ್ತಿದ್ದೆ. ಓದಿದವರು ಕೂತು ತಿಂದು ಉಬ್ಬುತ್ತಾರೆ, ದುಡಿಯುವವನ ಮೈಗೆ ಕೊಬ್ಬು ಹತ್ತುವುದಿಲ್ಲ ಎಂಬುದು ನನ್ನ ಸಿದ್ಧಾಂತ.

ಎರಡು ವರ್ಷದ ಮೇಲೆ ನನಗೂ ರಜೆ ಸಿಕ್ಕಿತು. ಈ ಪುಟ್ಟ ವಿಮಾನದಲ್ಲಿ ದೋಹಾ ಮುಟ್ಟಿ, ಸಂಜೆ ಅಲ್ಲಿಂದ ಬೊಂಬಾಯಿಗೆ ಹೋಗಬೇಕು. ಜೊತೆಗೆ ದೋಹಾದ ನಜ್ಮಾ ಪೇಟೆಯ ಅಂಗಡಿಗಳಲ್ಲಿ ಒಂದೊಂದೇ ಕೊಂಡು ತುಂಬಿಸಿದ ಕಾರ್ಟನ್: ಹಾಲುಪುಡಿ, ಸೋಪು, ಕಂಬಳಿ, ಸೆಂಟು. ಗಲ್ಫಿನಿಂದ ಬಂದವನನ್ನು ಊರಿನಲ್ಲಿ ಯಾರೂ ನೋಡುವುದಿಲ್ಲ, ಅವನ ಹಿಂದೆ ಬರುವ ಕಾರ್ಟನ್ನನ್ನು ನೋಡುತ್ತಾರೆ. ನಾನು ಎಲ್ಲರ ತೂಕ ಬರೆದು, ಕೊನೆಗೆ ನನ್ನದನ್ನೂ ಬರೆದೆ: ಅರವತ್ತೆರಡು. ಕತಾರಿಗೆ ಬರುವಾಗ ಮೆಡಿಕಲ್ ಕಾಗದದಲ್ಲಿ ಹಾಗೇ ಇತ್ತು.

ಮಧ್ಯಾಹ್ನದ ಬಿಸಿಲಿನಲ್ಲಿ ವಿಮಾನ ಓಡಿತು, ಓಡಿತು, ಏಳಬೇಕಾದ ಜಾಗ ದಾಟಿದರೂ ಓಡಿತು. ಕ್ಯಾಪ್ಟನ್ ಬ್ರೇಕ್ ಒತ್ತಿದ. ವಿಮಾನದ ಹೊಟ್ಟೆಯ ಕೆಳಗೆಲ್ಲ ಜಲ್ಲಿಯ ಮಳೆ. ಮರಳಿ ತಂದು ನಿಲ್ಲಿಸಿ, ಯಾರದೋ ತೂಕ ಸುಳ್ಳು ಎಂದ. ಎಲ್ಲರೂ ರಾಯರನ್ನು ನೋಡಿದರು. ನಾನೂ ಸ್ವಲ್ಪ ಕನಿಕರದಿಂದಲೇ, “ನಿನ್ನೆ ಊಟ ಜೋರಾ ಸಾರ್?” ಎಂದೆ.

ಅಡುಗೆಯ ಮೊಯ್ದು ತಕ್ಕಡಿ ಹೊತ್ತು ತಂದ. ರಾಯರು ತೊಂಬತ್ತೊಂದು. ಉಳಿದವರದೂ, ಸಾಮಾನಿನದೂ ನಾನು ಬರೆದಂತೆಯೇ. ನಾನು ಎದೆಯುಬ್ಬಿಸಿ ನಿಂತಿದ್ದೆ.

“ನೀನೂ ಒಂದ್ಸಲ ಹತ್ತಿಬಿಡಪ್ಪಾ” ಎಂದರು ರಾಯರು.

ಎಂಬತ್ತೊಂದು. ರಾಯರು ದೊಡ್ಡ ಮನುಷ್ಯರು, ಅದನ್ನು ಒಂದೇ ಸಲ ಕೂಗಿದರು. ತಕ್ಕಡಿ ಕೆಟ್ಟಿದೆ ಎಂದು ನಾನು ವಾದಿಸಿದೆ. ಮೊಯ್ದುವಿಗೆ ಅವಮಾನವಾಯಿತು. ಓಡಿಹೋಗಿ ಐವತ್ತು ಕಿಲೋದ ಅಕ್ಕಿಮೂಟೆ ತಂದಿಟ್ಟ. ಮುಳ್ಳು ಐವತ್ತಕ್ಕೇ ನಿಂತಿತು. ಇವನು ಅನ್ನ ಹಾಕಿಸಿಕೊಳ್ಳುವಾಗ ಬೇಡ ಎಂದದ್ದೇ ಇಲ್ಲ ಎಂದು ಮಲಯಾಳದಲ್ಲಿ ಸಾಕ್ಷಿಯನ್ನೂ ಹೇಳಿದ.

ಕ್ಯಾಪ್ಟನ್ ನನ್ನ ಪಟ್ಟಿಯನ್ನು ಮಡಚಿ, “ಖಲಾಸ್” ಎಂದು ಒಮ್ಮೆ ನನ್ನ ಕಡೆ, ಒಮ್ಮೆ ಕಾರ್ಟನ್ ಕಡೆ ಬೆರಳು ತೋರಿಸಿದ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಜಾಗ. ದೋಹಾಕ್ಕೆ ಹೋಗುವ ಕ್ಯಾಂಪಿನ ಲಾರಿ ಬರುವುದು ಇನ್ನೆರಡು ದಿನಕ್ಕೆ, ಬೊಂಬಾಯಿ ವಿಮಾನ ಅವತ್ತೇ ಸಂಜೆಗೆ. ಕಾರ್ಟನ್ ಇಳಿಯಿತು, ವಿಮಾನ ಹಕ್ಕಿಯಂತೆ ಎದ್ದಿತು.

ಊರಿನಲ್ಲಿ ಬಾಗಿಲು ತೆರೆದ ಹೆಂಡತಿ ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು. “ಎರಡು ವರ್ಷ ದುಡಿದು ಬರಿಗೈಯಲ್ಲಿ ಬಂದ್ರಾ?” ಎಂದಳು. ಕೈ ಬರಿದಾಗಿದ್ದದ್ದು ನಿಜ. ಆದರೆ ಹತ್ತೊಂಬತ್ತು ಕಿಲೋ ನಾನು ತಂದೇ ಇದ್ದೆ. ಬಿಚ್ಚಿ ಹಂಚುವಂತಿರಲಿಲ್ಲ, ಅಷ್ಟೇ.